ಗ್ರಿಲ್ ಅಂಗಡಿ ಮೇಲಿನ ಮನೆಯಲ್ಲಿ ಎಎನ್‌ಸಿ ಹೆಡ್‌ಫೋನ್: ಮೂರನೇ ವರ್ಷದ ವಿಮರ್ಶೆ

ಹೆಡ್‌ಫೋನ್ ಬಗ್ಗೆ ಬರೆಯುವವರೆಲ್ಲ ಕೊಂಡ ವಾರದಲ್ಲೇ ಬರೆದುಬಿಡುತ್ತಾರೆ. ಬಾಸ್ ಸೂಪರ್, ಡಬ್ಬ ಚೆನ್ನಾಗಿದೆ, ಐದು ಸ್ಟಾರ್. ಕಿವಿಗೆ ಕೂರುವ ಮೆತ್ತೆ ಕಿತ್ತು ಬಂದ ಮೇಲೆ ಬರೆಯುವವರು ಕಮ್ಮಿ. ನನ್ನದಕ್ಕೆ ಈಗ ಮೂರನೇ ವರ್ಷ. ಕಿವಿ ಪೂರ್ತಿ ಮುಚ್ಚುವ, ಬ್ಲೂಟೂತ್ ಇರುವ, ಹೊರಗಿನ ಸದ್ದು ಕಡಿಮೆ ಮಾಡುವ ಎಎನ್‌ಸಿ ಮಾದರಿ. ಒಂಬತ್ತು ಸಾವಿರ ಚಿಲ್ಲರೆ ಕೊಟ್ಟಿದ್ದೆ. ಕಂಪನಿ ಹೆಸರು ಹಾಕುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಬೆಲೆಯ ಯಾವ ಹೆಡ್‌ಫೋನ್‌ಗಾದರೂ ಸಲ್ಲುತ್ತದೆ.

ಯಾಕೆ ಕೊಂಡೆ ಅಂತ ಹೇಳದೆ ಗುಣ ಹೇಳಿದರೆ ಅರ್ಥವಾಗುವುದಿಲ್ಲ. ತುಮಕೂರಿನಲ್ಲಿ ಬಿ.ಎಚ್. ರಸ್ತೆಯಿಂದ ಒಂದು ಅಡ್ಡರಸ್ತೆ ಒಳಗೆ ನಮ್ಮ ಮನೆ. ಮೊದಲನೇ ಮಹಡಿ. ಕೆಳಗೆ ಗೇಟು, ಕಿಟಕಿ ಕಂಬಿ ಮಾಡುವ ಗ್ರಿಲ್ ಅಂಗಡಿ, ಬೀದಿ ತುದಿಯಲ್ಲಿ ಕಲ್ಯಾಣ ಮಂಟಪ. ನಾನು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವವಳು. 11ನೇ ತಾರೀಖಿನೊಳಗೆ ಮಾರಾಟದ ವಿವರ ಹೋಗಬೇಕು, 20ರೊಳಗೆ ತಿಂಗಳ ರಿಟರ್ನ್ ಹೋಗಬೇಕು. ಆ ದಿನಗಳಲ್ಲೇ ಮುಹೂರ್ತ ಬರುತ್ತದೆ, ಕೆಳಗಡೆ ಯಾರದೋ ಗೇಟಿಗೆ ಅರ್ಜೆಂಟು ಇರುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ನಂತರ 45 ಡೆಸಿಬೆಲ್ ದಾಟಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಸದ್ದು ಅಳೆಯುವ ಫೋನಿನ ಆ್ಯಪ್ ಅಷ್ಟೇನೂ ಕರಾರುವಾಕ್ ಅಲ್ಲ, ನಿಜ. ಆದರೂ ನಮ್ಮ ಕಿಟಕಿ ಹತ್ತಿರ ಹಿಡಿದರೆ ಹಗಲು 70ಕ್ಕಿಂತ ಕೆಳಗೆ ಇಳಿದದ್ದು ಕಾಣೆ.

ಈಗ ವಿಷಯಕ್ಕೆ. ಆನ್ ಮಾಡಿದ ತಕ್ಷಣ ಮೊದಲು ಹೋಗುವುದು ಫ್ರಿಜ್ ಸದ್ದು. ಅದು ಅಷ್ಟೊಂದು ಸದ್ದು ಮಾಡುತ್ತಿತ್ತು ಅಂತ ನನಗೆ ಗೊತ್ತಾದದ್ದೇ ಆವತ್ತು. ಆಮೇಲೆ ಫ್ಯಾನ್, ಸಂಪಿನ ಮೋಟರ್, ಮಂಟಪದ ಜನರೇಟರ್, ತಿರುವಿನಲ್ಲಿ ಎಂಜಿನ್ ಆಫ್ ಮಾಡದೆ ನಿಂತ ಬಸ್ಸು. ಇವೆಲ್ಲ ಹೆಚ್ಚುಕಮ್ಮಿ ಮಾಯ. ಮೊದಮೊದಲು ದೇವರಾಯನದುರ್ಗದ ರಸ್ತೆ ಹತ್ತುವಾಗ ಆಗುವ ಹಾಗೆ ಕಿವಿ ಕಟ್ಟಿದಂತೆ ಅನಿಸಿತು. ವಾರದಲ್ಲಿ ಅಭ್ಯಾಸವಾಯಿತು. ಕೆಲವರಿಗೆ ಆಗುವುದೇ ಇಲ್ಲ. ಹಾಗಾಗಿ ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ಕೂತು ನೋಡುವುದು ಒಳ್ಳೆಯದು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಮ್ಮದು ಅಲ್ವಾ.

ಹೋಗದೇ ಇರುವುದು ಯಾವುದು? ಗ್ರಿಲ್ ಅಂಗಡಿಯ ಕಟಿಂಗ್ ಮಷೀನು ಕಿರ್ ಅನ್ನುವುದು ಹೋಗುವುದಿಲ್ಲ. ತಮಟೆ ಹೋಗುವುದಿಲ್ಲ. ಬಸ್ಸಿನ ಹಾರ್ನ್, ಕುಕ್ಕರ್ ಕೂಗು, ಹಾಡು ಹಾಕಿಕೊಂಡು ಬರುವ ಕಸದ ಗಾಡಿ, ಯಾವುದೂ ಪೂರ್ತಿ ಹೋಗುವುದಿಲ್ಲ. ಮೆತ್ತೆ ಅಡ್ಡ ಬರುವುದರಿಂದ ಒಂದಿಷ್ಟು ಮಂದವಾಗುತ್ತವೆ ಅಷ್ಟೆ. "ಎಎನ್‌ಸಿ ಕೆಲಸವೇ ಮಾಡ್ತಿಲ್ಲ" ಅಂತ ಒಂದು ಸ್ಟಾರ್ ಕೊಡುವವರೆಲ್ಲ ಇಲ್ಲೇ ಎಡವುವುದು. ಹೊರಗಿನ ಮೈಕ್ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಅದರ ಅಲೆಯನ್ನೇ ಉಲ್ಟಾ ಮಾಡಿ ಕಿವಿಯೊಳಗೆ ಬಿಡುತ್ತದೆ. ಏರು ಇದ್ದಲ್ಲಿ ಇಳಿವು ಸೇರಿ ಎರಡೂ ಕಳೆದುಹೋಗುತ್ತವೆ. ಸೆಕೆಂಡಿಗೆ ನೂರು ಸಲ ಅದುರುವ, ಅಂದರೆ 100 ಹರ್ಟ್ಸ್‌ನ ಗುಂಯ್ ಸದ್ದಿಗೆ ಅಲೆಯ ಉದ್ದವೇ ಮೂರು ಮೀಟರ್ ಮೇಲಿರುತ್ತದೆ, ಹೊಂದಿಸುವುದು ಸುಲಭ. ಕಟಿಂಗ್ ಮಷೀನಿನ 3,000 ಹರ್ಟ್ಸ್ ಕಿರುಚಾಟಕ್ಕೆ ಅಲೆ ಹನ್ನೊಂದು ಸೆಂಟಿಮೀಟರ್ ಮಾತ್ರ. ಸ್ವಲ್ಪ ಹೆಚ್ಚುಕಮ್ಮಿಯಾದರೂ ತಾಳೆ ತಪ್ಪುತ್ತದೆ. ತಮಟೆ ಏಟಂತೂ ಒಂದೇ ಸಮನೆ ಬರುವುದಿಲ್ಲ, ಅದು ಎದೆಗೇ ಬಡಿಯುತ್ತದೆ.

ಈ ವಸ್ತು ಹುಟ್ಟಿದ್ದೇ ವಿಮಾನದ ಸದ್ದಿಗೆ. ಉಲ್ಟಾ ಅಲೆಯ ಉಪಾಯಕ್ಕೆ ಜರ್ಮನಿಯ ಪೌಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಹೆಡ್‌ಫೋನ್‌ಗೆ ಅದನ್ನು ಅಳವಡಿಸುವ ಲೆಕ್ಕಾಚಾರವನ್ನು ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್ ಶುರು ಮಾಡಿದ್ದು 1978ರಲ್ಲಿ, ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಕೂತುಕೊಂಡೇ. ಪೈಲಟ್‌ಗಳಿಗೆ ಅವರ ಕಂಪನಿ ಹೆಡ್‌ಸೆಟ್ ತಂದದ್ದು 1989ರಲ್ಲಿ. ನಮ್ಮ ನಿಮ್ಮಂಥವರಿಗೆ ಸಿಕ್ಕಿದ್ದು 2000ದಲ್ಲಿ. ಗಂಟೆಗಟ್ಟಲೆ ಒಂದೇ ಸಮನೆ ಮೊರೆಯುವ ಎಂಜಿನ್‌ಗೆ ಅಂತ ಮಾಡಿದ್ದನ್ನು ತಂದು ನಮ್ಮೂರ ಗುಬ್ಬಿ ಗೇಟ್‌ನ ಹಾರ್ನ್ ನಿಲ್ಲಿಸು ಅಂದರೆ ಅದು ಪಾಪ ಏನು ಮಾಡೀತು.

ರೈಲಿನಲ್ಲಿ ಮಾತ್ರ ಇದು ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ವಾರದಲ್ಲಿ ಕೆಲವು ದಿನ ಬೆಂಗಳೂರಿಗೆ ಆಡಿಟರ್ ಆಫೀಸಿಗೆ ಹೋಗಬೇಕು, ಪಾಸ್ ಮಾಡಿಸಿದ್ದೇನೆ. ಎಎನ್‌ಸಿ ಹಾಕಿದರೆ ಗಾಲಿಯ ಗಡಗಡ ಹೋಗಿಬಿಡುತ್ತದೆ. ಆದರೆ ಒಂದು ಎಡವಟ್ಟು ಇದೆ, ಇದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿರಲಿಲ್ಲ. ಗಾಲಿ ಸದ್ದು ಹೋದ ಮೇಲೆ ಅಕ್ಕಪಕ್ಕದವರ ಮಾತು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ! ಅಲ್ಲಿಯವರೆಗೆ ಆ ಗಡಗಡವೇ ಮಾತನ್ನು ಮುಚ್ಚಿಟ್ಟಿತ್ತು. ಅದನ್ನು ತೆಗೆದರೆ ಎದುರು ಸೀಟಿನ ಹೆಂಗಸಿನ ತವರು ಮನೆಯ ಆಸ್ತಿ ಭಾಗದ ಕಥೆ ಒಂದಕ್ಷರ ಬಿಡದೆ ನಮ್ಮ ಕಿವಿಗೆ. ದಾಬಸ್‌ಪೇಟೆ ಬರುವಷ್ಟರಲ್ಲಿ ಯಾವ ಸರ್ವೆ ನಂಬರು, ಯಾವ ಅಣ್ಣ ಸಹಿ ಹಾಕಿಲ್ಲ, ಎಲ್ಲ ಗೊತ್ತಾಗಿತ್ತು.

ಇದಕ್ಕೆ ಮದ್ದು ಅಂದರೆ ಮಳೆ ಸದ್ದು ಅಥವಾ ಬ್ರೌನ್ ನಾಯ್ಸ್ ಅನ್ನುವ ಭೋರ್ ಸದ್ದನ್ನು ತೀರಾ ಸಣ್ಣಗೆ ಹಾಕಿಕೊಳ್ಳುವುದು. ಮಾತು ಅದರಲ್ಲಿ ಕರಗಿಹೋಗುತ್ತದೆ. ಹಾಡು ಹಾಕಿದರೂ ಆಗುತ್ತದೆ, ಆದರೆ ಸಾಹಿತ್ಯ ಇರುವ ಹಾಡು ಕೇಳುತ್ತಾ ಇನ್‌ವಾಯ್ಸ್ ತಾಳೆ ನೋಡುವುದು ನನ್ನಿಂದಾಗದು. ಪ್ಲಾಟ್‌ಫಾರಂನಲ್ಲಿ ಗಾಳಿ ಬೀಸುವಾಗ ಎಎನ್‌ಸಿ ಆಫ್ ಮಾಡಿ. ಗಾಳಿ ಮೈಕಿಗೆ ಹೊಡೆದು ಒಳಗೆ ಬುಸಬುಸ ಅನ್ನುತ್ತದೆ. ಅನೌನ್ಸ್‌ಮೆಂಟ್ ಕೇಳಿಸಿಕೊಳ್ಳುವುದಕ್ಕೂ ಅದೇ ಒಳ್ಳೆಯದು.

ರೈಲಿನಲ್ಲಿ ಇನ್ನೊಂದು ವಿಷಯ, ಮರ್ಯಾದೆಯದು. ದಿನಾ ಓಡಾಡುವವರು ಒಬ್ಬರಿಗೊಬ್ಬರು ಗೊತ್ತು. ಹೂ ಕಟ್ಟುವವರು, ಚಳಿಗಾಲದಲ್ಲಿ ಅವರೆಕಾಯಿ ಸುಲಿಯುವವರು, ಒಂದು ಹಿಡಿ ನಮ್ಮ ಕೈಗೂ ಕೊಡುವವರು. ಹತ್ತಿದ ತಕ್ಷಣ ಕಿವಿ ಮುಚ್ಚಿಕೊಂಡರೆ "ಅಕ್ಕಂಗೆ ಜಂಬ" ಅನ್ನುವುದು ಸಹಜ. ಅದಕ್ಕೇ ಹಿರೇಹಳ್ಳಿವರೆಗೆ ಮಾತು, ಆಮೇಲೆ ಹೆಡ್‌ಫೋನ್ ಅಂತ ಇಟ್ಟುಕೊಂಡಿದ್ದೇನೆ. ಈಗ ಹಿರೇಹಳ್ಳಿ ಬಂದರೆ ಅವರೇ "ಹಾಕ್ಕೊಳಕ್ಕ, ನಿನ್ ಟೈಮಾಯ್ತು" ಅನ್ನುತ್ತಾರೆ.

ನನ್ನ ಪ್ರಕಾರ ಈ ಹೆಡ್‌ಫೋನಿನ ಅಸಲಿ ಕೆಲಸ ಇದೇ. ಸದ್ದು ಕಮ್ಮಿ ಮಾಡುವುದು ಅರ್ಧ ಭಾಗ. ಉಳಿದರ್ಧ, ಅದು ತಲೆ ಮೇಲೆ ಇರುವುದು ಬೇರೆಯವರಿಗೆ ಕಾಣುವುದು. ನಮ್ಮದು ಎರಡು ರೂಮಿನ ಮನೆ, ಐದು ಜನ. ನನಗೆ ಅಂತ ಕೋಣೆ ಇಲ್ಲ, ಊಟದ ಟೇಬಲ್ಲಿನ ಒಂದು ತುದಿ ಇದೆ. ಮೊದಲು ಅಲ್ಲಿ ಕೂತರೆ "ಸುಮ್ನೆ ಕೂತಿದಾಳೆ" ಅಂತಲೇ ಲೆಕ್ಕ. ಅಡುಗೆಗೆ ಎಷ್ಟು ಅಕ್ಕಿ, ಕೊತ್ತಂಬರಿಯವನು ಬಂದ, ರಿಮೋಟ್ ಎಲ್ಲಿ, ಎಲ್ಲ ನನ್ನ ಹತ್ತಿರವೇ. ಕಿವಿಗೆ ಸಣ್ಣ ಇಯರ್‌ಫೋನ್ ಹಾಕಿಕೊಂಡರೂ ಕೂದಲ ಹಿಂದೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ದೊಡ್ಡದನ್ನು ಹಾಕಿಕೊಂಡ ಮೇಲೆ ಅತ್ತೆ ಪಕ್ಕದ ಮನೆಯವರನ್ನು ಬಾಗಿಲಲ್ಲೇ ತಡೆದು, "ಯಾರ್ದೋ ಮೀಟಿಂಗ್ ಐತೆ, ಆಮೇಲ್ ಬನ್ನಿ" ಅನ್ನುತ್ತಾರೆ. ಮೀಟಿಂಗ್ ಇರುವುದಿಲ್ಲ. ಎಷ್ಟೋ ಸಲ ಒಳಗೆ ಹಾಡೂ ಇರುವುದಿಲ್ಲ. ಗುಟ್ಟು ಗೊತ್ತಿರುವುದು ಮಗಳಿಗೆ ಮಾತ್ರ. ಮೆಲ್ಲಗೆ ಬಂದು ಒಂದು ಕಡೆ ಎತ್ತಿ ಕಿವಿಯಿಟ್ಟು ನೋಡುತ್ತಾಳೆ. "ಅಮ್ಮ, ಏನೂ ಓಡ್ತಾ ಇಲ್ಲ. ನಿಂಗೆ ಕೇಳಿಸ್ತಾ ಇತ್ತು ತಾನೆ?"

ಅದಕ್ಕೇ ಹೆಂಗಸರು ಕೇಳಿದರೆ ದೊಡ್ಡದನ್ನೇ ಕೊಳ್ಳಿ ಅನ್ನುತ್ತೇನೆ. ಆದರೆ ಹೆಂಗಸರಿಗೆ ಇದರಲ್ಲಿ ಇರುವ ಕಷ್ಟಗಳನ್ನು ತಯಾರು ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ. ಓಲೆಯ ತಿರುಪು ಕಿವಿ ಹಿಂದೆ ಚುಚ್ಚುತ್ತದೆ. ಅರ್ಧ ಗಂಟೆ ಗೊತ್ತಾಗುವುದಿಲ್ಲ, ಆಮೇಲೆ ಕಿವಿಯೇ ಉರಿಯುತ್ತದೆ. ಜುಮಕಿ ಇದ್ದರಂತೂ ಮೆತ್ತೆ ಕೂರುವುದೇ ಇಲ್ಲ. ಕೂತಿಲ್ಲ ಅಂದರೆ ಸಂದಿಯಲ್ಲಿ ಸದ್ದು ಬರುತ್ತದೆ, ಎಎನ್‌ಸಿ ಅರ್ಧ ಹಾಳು. ಕನ್ನಡಕದ ಕಡ್ಡಿಯಿಂದಲೂ ಇದೇ ತೊಂದರೆ. ದಪ್ಪ ಕಡ್ಡಿಯ ಕನ್ನಡಕ ಬಿಟ್ಟು ತೆಳು ಕಡ್ಡಿಯದು ಮಾಡಿಸಿದ ಮೇಲೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಕೆಲಸಕ್ಕೆ ಕೂರುವ ಮುಂಚೆ ಓಲೆ ಬಿಚ್ಚಿ ಪೆನ್ ಸ್ಟ್ಯಾಂಡಿನಲ್ಲಿ ಹಾಕುತ್ತೇನೆ. ಬೋಳು ಕಿವಿ ಅಂತ ಅತ್ತೆಗೆ ಅದೊಂದು ಬೇಜಾರು ಇನ್ನೂ ಹೋಗಿಲ್ಲ.

ಏಪ್ರಿಲ್‌ನಲ್ಲಿ ಮಧ್ಯಾಹ್ನ ಹಾಕಿಕೊಳ್ಳುವುದು ಕಷ್ಟ. ಕಿವಿ ಸುತ್ತ ಬೆವರು ಇಳಿಯುತ್ತದೆ. ಆ ಬೆವರಿಗೇ ಎರಡನೇ ಬೇಸಿಗೆಯಲ್ಲಿ ಮೆತ್ತೆಯ ರೆಕ್ಸಿನ್ ಬಿರುಕು ಬಿಟ್ಟು ಕಪ್ಪು ಚೂರು ಉದುರಲು ಶುರುವಾಯಿತು. ಕೆನ್ನೆ ಮೇಲೆ, ಲೆಡ್ಜರ್ ಮೇಲೆ, ಒಂದು ಸಲ ಮೊಸರನ್ನದಲ್ಲೂ. ಇದು ಚರ್ಮ ಅಲ್ಲ, ಪಾಲಿಯುರೆಥೇನ್ ಲೇಪ. ತೇವ, ಸೆಕೆ, ಎಣ್ಣೆಗೆ ಇಂದಲ್ಲ ನಾಳೆ ಕಿತ್ತು ಬರುತ್ತದೆ. ವಾರಂಟಿಗೆ ಇದು ಬರುವುದಿಲ್ಲ ಅಂದರು. ಊರಲ್ಲಿ ಇವರ ಸರ್ವಿಸ್ ಸೆಂಟರ್ ಇಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಿ, ಕಾಲ್ ಮಾಡಿ, ಟಿಕೆಟ್ ನಂಬರ್ ಹೇಳಿ ಹೇಳಿ ಸಾಕಾಯಿತು. ಕೊನೆಗೆ ಆನ್‌ಲೈನಿನಲ್ಲಿ ಬೇರೆಯವರು ಮಾಡುವ ಮೆತ್ತೆ ತರಿಸಿ ನಾನೇ ಹಾಕಿದೆ. ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ, ಅಂಚನ್ನು ಸುತ್ತಲೂ ಸಂದಿಗೆ ತೂರಿಸಬೇಕು, ಅಷ್ಟೆ. ಮೇಲೆ ಬಟ್ಟೆ ಇರುವ ಮೆತ್ತೆ ತರಿಸಿದರೆ ಬೆವರು ಕಮ್ಮಿ, ಆದರೆ ಹೊರಗಿನ ಸದ್ದು ಒಂಚೂರು ಜಾಸ್ತಿ ನುಗ್ಗುತ್ತದೆ. ನಾನು ಬೇಸಿಗೆಗೆ ಬಟ್ಟೆಯದು, ಉಳಿದ ಕಾಲಕ್ಕೆ ರೆಕ್ಸಿನ್ ಅಂತ ಎರಡೂ ಇಟ್ಟುಕೊಂಡಿದ್ದೇನೆ. ಕೊಳ್ಳುವ ಮುಂಚೆಯೇ ನಿಮ್ಮ ಮಾದರಿಗೆ ಬಿಡಿ ಮೆತ್ತೆ ಸಿಗುತ್ತದಾ ನೋಡಿ. ಸಿಗದಿದ್ದರೆ ಎಷ್ಟೇ ಆಫರ್ ಇದ್ದರೂ ಬೇಡ.

ಬ್ಯಾಟರಿ ಮೊದಲಿನಷ್ಟಿಲ್ಲ, ಆದರೂ ದೂರುವಷ್ಟಲ್ಲ. ಕಾಲ್‌ನಲ್ಲಿ ನನ್ನ ಧ್ವನಿ ಹೇಗೆ ಕೇಳಿಸುತ್ತದೆ ಅಂದರೆ "ಮೇಡಂ, ಸ್ವಲ್ಪ ಜೋರಾಗಿ" ಅನ್ನುವವರೇ ಜಾಸ್ತಿ. ಫೋನು, ಲ್ಯಾಪ್‌ಟಾಪ್ ಎರಡಕ್ಕೂ ಒಟ್ಟಿಗೆ ಸೇರಿಕೊಳ್ಳುವ ಸೌಲಭ್ಯ ಬಲು ಉಪಯೋಗ.

ವಾಲ್ಯೂಮ್ ಬಗ್ಗೆ ಮಾತ್ರ ಗಂಭೀರವಾಗಿ ಹೇಳಬೇಕು. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ವರೆಗೆ ಪರವಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ ಹತ್ತೇ. ಮಾಮೂಲಿ ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕೂತರೆ ಎಂಜಿನ್ ಸದ್ದು ಮೀರಿಸಲು ನಾವು ಜಾಸ್ತಿ ಮಾಡುತ್ತಲೇ ಹೋಗುತ್ತೇವೆ. ಎಎನ್‌ಸಿಯಲ್ಲಿ ಆ ಎಂಜಿನ್ನೇ ಇರುವುದಿಲ್ಲ, ಹಾಗಾಗಿ ಅರ್ಧಕ್ಕಿಂತ ಕೆಳಗೇ ಸಾಕಾಗುತ್ತದೆ. ತಮಟೆ ಮುಚ್ಚಬೇಕು ಅಂತ ಏರಿಸಿದರೆ ಮಾತ್ರ ಕಿವಿಗೆ ಎರಡು ಕಡೆಯಿಂದ ಏಟು. ಮದುವೆ ದಿಬ್ಬಣ ಬಂದರೆ ನಾನು ಕೆಲಸ ನಿಲ್ಲಿಸಿ ಕಿಟಕಿಗೆ ಹೋಗಿ ನಿಲ್ಲುತ್ತೇನೆ, ಅದೇ ವಾಸಿ.

ನೀರು ಬಿಡುವ ದಿನ ಹೊರಗಿನ ಸದ್ದು ಒಳಗೆ ಬಿಡುವ ಮೋಡ್ ಹಾಕಿಟ್ಟಿರುತ್ತೇನೆ. ನಲ್ಲಿ ಗೊರಗೊರ ಅನ್ನುವುದು, ಕೆಳಗಿನವರು "ನೀರ್ ಬಂತು" ಅಂತ ಕೂಗುವುದು ಕೇಳಿಸಲೇಬೇಕು. ಇಲ್ಲದಿದ್ದರೆ ಸಂಪು ಖಾಲಿ, ಮುಂದಿನ ಸಲದವರೆಗೆ ಟ್ಯಾಂಕರ್. ಸ್ಕೂಟರ್ ಮೇಲೆ, ರಸ್ತೆ ದಾಟುವಾಗ ಕಿವಿಗೆ ಏನೂ ಬೇಡ. ಟೌನ್‌ಹಾಲ್ ಸರ್ಕಲ್‌ನಲ್ಲಿ ಯಾವ ಕಡೆಯಿಂದ ಏನು ನುಗ್ಗುತ್ತದೆ ಅಂತ ಕಣ್ಣೊಂದನ್ನೇ ನಂಬಿ ದಾಟಲಾಗುವುದಿಲ್ಲ.

ಮೊನ್ನೆ ಮೈದುನ, "ಅತ್ತಿಗೆ, ನಂಗೂ ಒಂದು ಹೇಳಿ" ಅಂದ. ಅವನು ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನ್ ಹತ್ತಿರ ಕೆಲಸ ಮಾಡುತ್ತಾನೆ, ಅಲ್ಲೇ ಹಾಕಿಕೊಳ್ಳುವ ಆಸೆ. ಬೇಡ ಅಂದೆ. ಪ್ರೆಸ್ಸಿನ ಏಟು ತಮಟೆ ಜಾತಿಯದೇ, ಇದು ಅದನ್ನು ತಡೆಯುವುದಿಲ್ಲ. ಅಲ್ಲಿಗೆ ಬೇಕಾದದ್ದು ಎಷ್ಟು ಡೆಸಿಬೆಲ್ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಮೇಲೆ ಬರೆದಿರುವ ಇಯರ್‌ಮಫ್, ಇಲ್ಲಾ ಕಿವಿಯೊಳಗೆ ಹಿಸುಕಿ ಇಡುವ ಸ್ಪಂಜಿನ ಪ್ಲಗ್. ಅದು ಸಾವಿರದೊಳಗೆ ಬರುತ್ತದೆ. ಅದೂ ಕಂಪನಿಯವರೇ ಕೊಡಬೇಕಾದದ್ದು, ಕೇಳಿ ಈಸ್ಕೊ ಅಂತ ಹೇಳಿ ಕಳಿಸಿದೆ.