ಸ್ವಿಚ್ ಫರ್ಮ್‌ವೇರ್ ಅಪ್‌ಗ್ರೇಡ್‌ನಲ್ಲಿ ಟೈಮ್‌ಔಟ್: ಆನ್ಸಿಬಲ್, ನೆಟ್‌ಮಿಕೊ, ಇಇಎಂ ಹೋಲಿಕೆ

ಸಿಸ್ಕೊದ ಕ್ಯಾಟಲಿಸ್ಟ್ 9300 ಸ್ವಿಚ್‌ಗಳಿಗೆ ಐಒಎಸ್-ಎಕ್ಸ್‌ಇ (ಸ್ವಿಚ್‌ನ ಓಎಸ್) ಇಮೇಜ್ ಏರಿಸುವ ಕೆಲಸವನ್ನು ಮೂರು ಬಗೆಯಲ್ಲಿ ಮಾಡಿ ನೋಡಿದ ಹೋಲಿಕೆ ಇದು: ಆನ್ಸಿಬಲ್ (ಪ್ಲೇಬುಕ್ ಎಂಬ ಕಡತದಲ್ಲಿ ಬರೆದ ಟಾಸ್ಕ್‌ಗಳನ್ನು ಓಡಿಸುವ ಸಾಧನ), ನೆಟ್‌ಮಿಕೊ (ಎಸ್‌ಎಸ್‌ಎಚ್, ಅಂದರೆ ದೂರದ ಲಾಗಿನ್, ಮೂಲಕ ಕಮಾಂಡ್ ಕಳಿಸುವ ಪೈಥಾನ್ ಲೈಬ್ರರಿ), ಇಇಎಂ (ಐಒಎಸ್-ಎಕ್ಸ್‌ಇಯಲ್ಲೇ ಇರುವ ಸ್ಕ್ರಿಪ್ಟ್ ವ್ಯವಸ್ಥೆ). ಕಾಟ ಮೂರರಲ್ಲೂ ಒಂದೇ. ಇಮೇಜ್ ಸುಮಾರು 1 ಜಿಬಿ, ಅದನ್ನು ಬಿಚ್ಚಿ ಸೇರಿಸುವ 'ಇನ್‌ಸ್ಟಾಲ್ ಆ್ಯಡ್' ಕಮಾಂಡ್ ನಿಮಿಷಗಟ್ಟಲೆ ತುಟಿ ಬಿಚ್ಚುವುದಿಲ್ಲ, ಕೊನೆಗೆ ರೀಲೋಡ್ ಆದಾಗ ಎಸ್‌ಎಸ್‌ಎಚ್ ಸೆಷನ್ನೇ ಸಾಯುತ್ತದೆ.

ಆನ್ಸಿಬಲ್‌ನ ಕಮಾಂಡ್ ಟೈಮ್‌ಔಟ್ ಡೀಫಾಲ್ಟ್ ಆಗಿ 30 ಸೆಕೆಂಡ್. ಇಮೇಜ್ ಕಾಪಿಗೂ ಇನ್‌ಸ್ಟಾಲ್‌ಗೂ ಅದು ಯಾವ ಮೂಲೆಗೂ ಸಾಲದು. ಇಡೀ ಪ್ಲೇಬುಕ್‌ಗೆ 1800 ಕೊಟ್ಟು ಕೈತೊಳೆದುಕೊಂಡರೆ, ನಿಜಕ್ಕೂ ಕೈಕೊಟ್ಟ ಸ್ವಿಚ್‌ಗೂ ಅರ್ಧ ಗಂಟೆ ಕಾಯಬೇಕಾಗುತ್ತದೆ. ಉದ್ದದ ಟಾಸ್ಕ್‌ಗಳಿಗೆ ಮಾತ್ರ ವೇರಿಯಬಲ್ ಮೂಲಕ ಏರಿಸಿ. ಪರ್ಸಿಸ್ಟೆಂಟ್ ಕನೆಕ್ಟ್ ಟೈಮ್‌ಔಟ್ (ತೆರೆದಿಟ್ಟ ಕನೆಕ್ಷನ್ ಸುಮ್ಮನಿರಬಹುದಾದ ಅವಧಿ) ಅದಕ್ಕಿಂತ ದೊಡ್ಡದಿರಲಿ.

ರೀಲೋಡ್ ಆದಮೇಲಿನದು ಇನ್ನೊಂದು ತೊಡಕು. ಕಮಾಂಡ್ ಕೊಟ್ಟ ಕೂಡಲೇ ಸ್ವಿಚ್ ಕೆಳಗೆ ಹೋಗುವುದಿಲ್ಲ. ನೇರವಾಗಿ ಎಸ್‌ಎಸ್‌ಎಚ್‌ನ ಪೋರ್ಟ್ 22 ತೆರೆದಿದೆಯೇ ಎಂದು ಕೇಳಿದರೆ ಹಳೆಯ ಓಎಸ್ಸೇ 'ಹೂಂ' ಎನ್ನುತ್ತದೆ, ಪ್ಲೇಬುಕ್ ಖುಷಿಯಾಗಿ ಮುಂದೆ ನಡೆಯುತ್ತದೆ. ಆದ್ದರಿಂದ 'ವೇಟ್ ಫಾರ್' ಅನ್ನು ಎರಡು ಸಲ, ಲೋಕಲ್‌ಹೋಸ್ಟ್‌ನಿಂದ (ಆನ್ಸಿಬಲ್ ಇರುವ ಯಂತ್ರದಿಂದ) ಓಡಿಸಬೇಕು: ಮೊದಲು ಪೋರ್ಟ್ ಮುಚ್ಚುವವರೆಗೆ, ಆಮೇಲೆ ತೆರೆಯುವವರೆಗೆ. ನಂತರ 'ಮೆಟಾ ರೀಸೆಟ್ ಕನೆಕ್ಷನ್' ಕೊಡಿ. ಇಲ್ಲದಿದ್ದರೆ ಸತ್ತ ಸಾಕೆಟ್‌ಗೇ ಮುಂದಿನ ಕಮಾಂಡ್ ಹೋಗಿ ಬೀಳಬಹುದು. ಸ್ಟ್ಯಾಕ್ (ಒಂದೇ ಸ್ವಿಚ್‌ನಂತೆ ಜೋಡಿಸಿದ ಹಲವು ಸ್ವಿಚ್‌ಗಳು) ಆಗಿದ್ದರೆ ಎಸ್‌ಎಸ್‌ಎಚ್ ಬಂದಮಾತ್ರಕ್ಕೆ ಎಲ್ಲ ಸದಸ್ಯರೂ ಬಂದಿದ್ದಾರೆ ಎಂದಲ್ಲ, 'ಶೋ ಸ್ವಿಚ್'ನಲ್ಲಿ 'ರೆಡಿ' ಎಣಿಸಬೇಕು.

ನೆಟ್‌ಮಿಕೊದಲ್ಲಿ ಹಿಡಿತ ಹೆಚ್ಚು, ಜಾರುವ ಜಾಗವೂ ಹೆಚ್ಚು. 4ನೇ ಆವೃತ್ತಿಯಲ್ಲಿ 'ಸೆಂಡ್ ಕಮಾಂಡ್'ನ ರೀಡ್ ಟೈಮ್‌ಔಟ್ 10 ಸೆಕೆಂಡ್. ಹಳೆಯ ಸ್ಕ್ರಿಪ್ಟ್‌ಗಳ ಡಿಲೇ ಫ್ಯಾಕ್ಟರ್ (ಕಾಯುವ ಹೊತ್ತು ಹಿಗ್ಗಿಸುವ ಹಳೆಯ ಸೆಟ್ಟಿಂಗ್) ನೆಚ್ಚಿ ಕೂತರೆ 'ಪ್ಯಾಟರ್ನ್ ನಾಟ್ ಡಿಟೆಕ್ಟೆಡ್' ಖಚಿತ. ಅದಕ್ಕಿಂತ ಮೋಸದ್ದು 'ಸೆಂಡ್ ಕಮಾಂಡ್ ಟೈಮಿಂಗ್': 2 ಸೆಕೆಂಡ್ ಏನೂ ಬರದಿದ್ದರೆ ಕೆಲಸ ಮುಗಿಯಿತೆಂದು ತಿಳಿಯುತ್ತದೆ. ಸುಮ್ಮನೆ ಕೂತು ಕೆಲಸ ಮಾಡುವ ಇನ್‌ಸ್ಟಾಲ್‌ಗೆ ಇದನ್ನು ಬಳಸಲೇಬಾರದು. ರೀಡ್ ಟೈಮ್‌ಔಟ್ 1800 ಇಟ್ಟು, ಎಕ್ಸ್‌ಪೆಕ್ಟ್ ಸ್ಟ್ರಿಂಗ್ (ಕೆಲಸ ಮುಗಿದಾಗ ಬರಬೇಕಾದ ಪಠ್ಯ) ಕೊಟ್ಟು, ಕೀಪ್‌ಅಲೈವ್ (ಸೆಷನ್ ಜೀವಂತವಿಡುವ ಸಂಕೇತ) 30 ಸೆಕೆಂಡ್ ಹಾಕಿ. ದಾರಿಯಲ್ಲಿ ಫೈರ್‌ವಾಲ್ ಇದ್ದರೆ ಮೌನ ಸೆಷನ್ನನ್ನು ಅದು ಕತ್ತರಿಸಬಹುದು. ಅದಕ್ಕೆ ರೀಡ್ ಟೈಮ್‌ಔಟ್ ಎಷ್ಟು ಹಿಗ್ಗಿಸಿದರೂ ಮದ್ದಲ್ಲ.

ಇಇಎಂನ ದಾರಿಯೇ ಬೇರೆ. ಸೆಷನ್ ಉಳಿಯಲಿ ಬಿಡಲಿ, ಆ್ಯಪ್ಲೆಟ್ (ಅದರ ಕಿರು ಸ್ಕ್ರಿಪ್ಟ್) ಸ್ವಿಚ್‌ನೊಳಗೇ ಓಡುತ್ತದೆ. 'ಇವೆಂಟ್ ನನ್' ಬಳಸಿ ಕೈಯಿಂದ ಎಬ್ಬಿಸಬಹುದು. ಆದರೆ ಮ್ಯಾಕ್ಸ್‌ರನ್ (ಓಡಬಹುದಾದ ಗರಿಷ್ಠ ಹೊತ್ತು) ಹೇಳದಿದ್ದರೆ 20 ಸೆಕೆಂಡಿಗೇ ಅದರ ಆಯಸ್ಸು ಮುಗಿಯುತ್ತದೆ, 1800 ಬರೆಯಿರಿ. ಕಾನ್ಫಿಗ್ ಸೇವ್ ಆಗಿರದಿದ್ದರೆ ಇನ್‌ಸ್ಟಾಲ್ ಅದನ್ನೇ ಕೇಳುತ್ತಾ ನಿಲ್ಲುತ್ತದೆ, ಉತ್ತರಿಸಲು ಯಾರೂ ಇರುವುದಿಲ್ಲ. ಮೊದಲೇ 'ರೈಟ್ ಮೆಮೊರಿ' ಮಾಡಿ, ಕಮಾಂಡ್‌ಗೆ 'ಪ್ರಾಂಪ್ಟ್ ಲೆವೆಲ್ ನನ್' ಸೇರಿಸಿ. ಟ್ಯಾಕಾಕ್ಸ್ ಕಮಾಂಡ್ ಆಥರೈಸೇಷನ್ (ಪ್ರತಿ ಕಮಾಂಡ್‌ಗೂ ಸರ್ವರ್‌ನ ಅನುಮತಿ) ಇದ್ದಲ್ಲಿ ಆ್ಯಪ್ಲೆಟ್‌ಗೆ 'ಆಥರೈಸೇಷನ್ ಬೈಪಾಸ್' ಬೇಕು. ಕೊರತೆ ಏನೆಂದರೆ, ತಪ್ಪಾದದ್ದು ತಕ್ಷಣ ಕಾಣುವುದಿಲ್ಲ; ಆಮೇಲೆ ಲಾಗ್ ಕೆದಕಬೇಕು.

ಫೈಲ್ ಸಾಗಣೆಯನ್ನು ಯಾವುದರಲ್ಲೂ ಅಪ್‌ಗ್ರೇಡ್ ವಿಂಡೋ ಒಳಗೆ ತರಬೇಡಿ. ಹಿಂದಿನ ದಿನವೇ ಸ್ವಿಚ್‌ನಿಂದಲೇ ಎಚ್‌ಟಿಟಿಪಿ ಮೂಲಕ ಎಳೆದುಕೊಂಡು 'ವೆರಿಫೈ ಎಂಡಿ5' (ಫೈಲ್ ಕೆಟ್ಟಿಲ್ಲವೆಂದು ನೋಡುವ ಪರೀಕ್ಷೆ) ಮಾಡಿಡಿ. ಎಸ್‌ಸಿಪಿಯಲ್ಲಿ (ಎಸ್‌ಎಸ್‌ಎಚ್ ಮೇಲಿನ ಫೈಲ್ ಕಾಪಿ) ತಳ್ಳುವುದು ಇದಕ್ಕಿಂತ ತುಂಬ ನಿಧಾನ. ಅದೇ ಅನಿವಾರ್ಯವಾದರೆ 'ಐಪಿ ಎಸ್‌ಎಸ್‌ಎಚ್ ಬಲ್ಕ್‌ಮೋಡ್' ಇರುವ ಆವೃತ್ತಿಯಲ್ಲಿ ಅದನ್ನು ಹಾಕಿ.

ಲ್ಯಾನ್‌ನಲ್ಲೇ ಇರುವ ಹತ್ತಾರು ಸ್ವಿಚ್‌ಗಳಿಗೆ ನನ್ನ ಆಯ್ಕೆ ಆನ್ಸಿಬಲ್. ಸಪೂರ ವ್ಯಾನ್ ಲಿಂಕ್‌ನ ಆಚೆಗಿನ ಶಾಖೆಗೆ ಇಇಎಂ, ಎಬ್ಬಿಸುವುದು ಮತ್ತು ನಂತರ ಪರೀಕ್ಷಿಸುವುದು ಮಾತ್ರ ಆನ್ಸಿಬಲ್‌ನದು. ಒಂದೆರಡು ಹಠಮಾರಿ ಪೆಟ್ಟಿಗೆಗಳಿಗೆ ನೆಟ್‌ಮಿಕೊ. ಯಾವುದಾದರೂ ಸರಿ, 'ಆ್ಯಕ್ಟಿವೇಟ್ ಕಮಿಟ್' (ಹೊಸದನ್ನು ಚಾಲೂ ಮಾಡಿ, ಕಾಯಂ ಮಾಡು) ಒಂದೇ ಸಾಲಿನಲ್ಲಿ ಬರೆದರೆ ತಾನಾಗಿ ಹಳೆಯದಕ್ಕೆ ಮರಳುವ ಅವಕಾಶ ಹೋಯಿತು. 'ಆಟೋ ಅಬಾರ್ಟ್ ಟೈಮರ್ 60' (ಇದು ನಿಮಿಷಗಳಲ್ಲಿ) ಕೊಟ್ಟು ಆ್ಯಕ್ಟಿವೇಟ್ ಮಾಡಿ, ಹೊಸ ಆವೃತ್ತಿಗೆ ಲಾಗಿನ್ ಆದಮೇಲೆಯೇ ಪ್ರತ್ಯೇಕವಾಗಿ ಕಮಿಟ್ ಕೊಡಿ. ಟೈಮ್‌ಔಟ್ ಬಂದರೆ ಗಾಬರಿಯಲ್ಲಿ ಮತ್ತೆ ಓಡಿಸದೆ ಮೊದಲು 'ಶೋ ಇನ್‌ಸ್ಟಾಲ್ ಸಮ್ಮರಿ' ನೋಡಿ. ಸ್ಕ್ರಿಪ್ಟ್ ಸೋತಿದೆ ಎಂದಮಾತ್ರಕ್ಕೆ ಸ್ವಿಚ್ ಕೆಲಸ ನಿಲ್ಲಿಸಿರುತ್ತದೆ ಎಂದೇನಿಲ್ಲ.