ಫೈಕಸ್ ಬೋನ್ಸಾಯ್‌ಗೆ ಕುಂಡ ಬದಲಿಸಿಕೊಡುವ ನರ್ಸರಿ: ಬೇರಿನ ಕೆಲಸ ಅಚ್ಚುಕಟ್ಟು, ನೀರಿನ ಸೂಚನೆ ತಪ್ಪು

ಬೆಂಗಳೂರಿನ ನಮ್ಮ ಬಡಾವಣೆಯ ನರ್ಸರಿಯೊಂದು 900 ರೂಪಾಯಿಗೆ ಬೋನ್ಸಾಯ್ ಗಿಡಗಳ ಕುಂಡ ಬದಲಿಸಿಕೊಡುತ್ತದೆ. ಮಣ್ಣಿನ ಖರ್ಚು ಅದರಲ್ಲೇ ಸೇರಿದೆ, ಕುಂಡದ ಬೆಲೆ ಬೇರೆ. ನಾನು ಒಯ್ದದ್ದು ಅಂಗಡಿಗಳಲ್ಲಿ ‘ಜಿನ್ಸೆಂಗ್ ಫೈಕಸ್’ ಎಂದು ಮಾರುವ, ಬುಡ ಗೆಡ್ಡೆಯಂತೆ ಉಬ್ಬಿರುವ ಫೈಕಸ್ ಮೈಕ್ರೊಕಾರ್ಪಾ, ಆಲದ ಕುಲದ ಗಿಡ. ಹಾಕಿದ ನೀರು ಇಳಿಯದೆ ಮೇಲೆಯೇ ನಿಲ್ಲುತ್ತಿತ್ತು, ತಳದ ತೂತಿನಿಂದ ಬೇರು ಹೊರಗೆ ಇಣುಕಿತ್ತು.

ಜನವರಿಯಲ್ಲಿ ವಿಚಾರಿಸಿದಾಗ, ಚಳಿಯಲ್ಲಿ ಬೇರು ಕತ್ತರಿಸಿದರೆ ಗಿಡ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ, ಮುಂಗಾರು ಹಿಡಿದ ಮೇಲೆ ತನ್ನಿ ಎಂದು ಅವರೇ ಹಿಂದಕ್ಕೆ ಕಳುಹಿಸಿದ್ದರು. ಕೈಗೆ ಬಂದ ಕೆಲಸವನ್ನು ಗಿಡದ ಹಿತಕ್ಕಾಗಿ ಐದು ತಿಂಗಳು ಮುಂದೂಡಿದ ಆ ಮಾತಿನಿಂದಲೇ ನನಗೆ ನಂಬಿಕೆ ಹುಟ್ಟಿತು.

ಜೂನ್ ಮೊದಲ ವಾರ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಮಾಲಿ ಬಿದಿರಿನ ಕಡ್ಡಿಯಿಂದ ಬೇರಿನ ಮುದ್ದೆಯನ್ನು ಅಂಚಿನಿಂದ ಒಳಮುಖವಾಗಿ ಬಿಡಿಸುತ್ತಾ ಹೋದಂತೆ, ನಟ್ಟನಡುವೆ, ಗಿಡ ಸಸಿಯಾಗಿದ್ದಾಗಿನ ಪ್ಲಾಸ್ಟಿಕ್ ಬಲೆಯ ಬುಟ್ಟಿಯೊಂದು ಸಿಕ್ಕಿತು. ಬೇರುಗಳು ಅದರ ಕಣ್ಣುಗಳಲ್ಲಿ ತೂರಿ ಬಿಗಿದುಕೊಂಡಿದ್ದವು. ಅವರು ಅದನ್ನು ಕಿತ್ತೆಳೆಯದೆ ಸಣ್ಣ ಕತ್ತರಿಯಿಂದ ಬಲೆಯ ಒಂದೊಂದೇ ಎಳೆ ತುಂಡರಿಸಿ ಹೊರತೆಗೆದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ದಪ್ಪ ಬೇರುಗಳನ್ನು ಮೊಟಕುಗೊಳಿಸಿ, ನೀರು ಹೀರುವ ಕೂದಲೆಳೆಯಂಥ ಬೇರುಗಳನ್ನು ಉಳಿಸಿ, ಹಾಲು ಸೋರಿದಲ್ಲಿ ಒದ್ದೆ ಬಟ್ಟೆ ಒತ್ತಿದರು. ಒಟ್ಟಾರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೇರು ತೆಗೆಯಲಿಲ್ಲ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು ಮತ್ತು ಎರೆಗೊಬ್ಬರದ ಮಿಶ್ರಣ ತುಂಬಿದರು. ಜಪಾನಿನ ದುಬಾರಿ ಅಕಡಾಮ ಮಣ್ಣು ಬೇಕೇ ಬೇಕೆಂದು ಒತ್ತಾಯಿಸಲಿಲ್ಲ. ಅಲುಗಾಡಿದರೆ ಹೊಸ ಬೇರು ಹರಿಯುವುದರಿಂದ ಗಿಡವನ್ನು ತಂತಿಯಿಂದ ಕುಂಡಕ್ಕೆ ಬಿಗಿದರು.

ನನ್ನ ಆಕ್ಷೇಪವಿರುವುದು ಅವರು ಕೊಟ್ಟ ಚೀಟಿಯ ಬಗ್ಗೆ. ‘ದಿನಕ್ಕೊಂದು ಲೋಟ ನೀರು, ವಾರದ ನಂತರ ಗೊಬ್ಬರ’ ಎಂದು ಎಲ್ಲ ಗಿಡಕ್ಕೂ, ಎಲ್ಲ ಕಾಲಕ್ಕೂ ಒಂದೇ ಮಾತು ಅಚ್ಚಾಗಿದೆ. ಅದನ್ನು ಪಾಲಿಸಿದ ಹತ್ತೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಲೆಗಳು ಹಳದಿಯಾಗಿ ಉದುರಿದವು. ಜಾಗ ಬದಲಾದರೂ ಫೈಕಸ್ ಎಲೆ ಉದುರಿಸುತ್ತದೆ, ನಿಜ. ಆದರೆ ಇಲ್ಲಿ ಮಣ್ಣು ಆರಲು ಅವಕಾಶವೇ ಇರಲಿಲ್ಲ. ಕತ್ತರಿಸಿದ ಬೇರಿಗೆ ಕನಿಷ್ಠ ಒಂದು ತಿಂಗಳು, ಮಿಶ್ರಣದಲ್ಲಿರುವ ಎರೆಗೊಬ್ಬರ ಬಿಟ್ಟು ಬೇರೆ ಗೊಬ್ಬರ ಸೋಕಿಸಬಾರದು. ನೀರಿಗೆ ಬಿದಿರಿನ ಕಡ್ಡಿಯೇ ಅಳತೆ: ಒಂದು ಅಂಗುಲ ಚುಚ್ಚಿ ತೆಗೆದಾಗ ತೇವ ಅಂಟಿದ್ದರೆ ಆ ದಿನ ನೀರು ಬೇಡ. ಏಪ್ರಿಲ್‌ನಲ್ಲಿ ದಿನವೂ ಕೇಳುವ ಗಿಡ ಡಿಸೆಂಬರ್‌ನಲ್ಲಿ ಮೂರು ದಿನ ತಡೆಯುತ್ತದೆ. ಎ.ಸಿ. ಗಾಳಿ ನೇರವಾಗಿ ಬೀಸುವ ಜಾಗವಂತೂ ಯಾವ ಕಾಲಕ್ಕೂ ಸಲ್ಲದು.

ನೀರು ಕಡಿಮೆ ಮಾಡಿ, ಮಳೆಗಾಲವಿಡೀ ಬಾಲ್ಕನಿಯ ನೆರಳಿನಲ್ಲಿಟ್ಟ ಮೇಲೆ ಗಿಡ ಚಿಗುರಿತು. ಆಗಸ್ಟ್‌ನಲ್ಲಿ ಕಾಂಡದಿಂದ ದಾರದಷ್ಟು ತೆಳ್ಳಗಿನ ಎರಡು ಬಿಳಲು ಇಳಿದಿವೆ. ಎರಡು ವರ್ಷದ ನಂತರ ಮತ್ತೆ ಅಲ್ಲಿಗೇ ಒಯ್ಯುತ್ತೇನೆ. ಚೀಟಿಯನ್ನು ಕಾಲಕ್ಕೆ ತಕ್ಕಂತೆ ತಿದ್ದಿ ಅಚ್ಚು ಹಾಕಿಸಿ ಎಂದು ಈಗಾಗಲೇ ಕೇಳಿಕೊಂಡಿದ್ದೇನೆ.