ಅಪ್ಪನ ಸ್ಕೂಟರಿನ ಆರ್‌ಸಿ ರಿನೀವಲ್, ಅಂಗಡಿಯವರ ಚಾರ್ಜು 150 ಇದ್ದದ್ದು 400, ನನ್ನ ಲೆಕ್ಕದಲ್ಲಿ 3 ಸ್ಟಾರ್

ನಮ್ಮ ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಹತ್ರ ಮಾಳಿಗೆ ಮೇಲೆ ಒಂದು ಆನ್‌ಲೈನ್ ಸೇವೆ ಅಂಗಡಿ ಉಂಟು, ಹೆಸರು ಹಾಕುದಿಲ್ಲ, ಕಾಸರಗೋಡಿನ ಬದಿಯಡ್ಕ ಕಡೆಯವರಿಗೆ ಹೇಳದಿದ್ರೂ ಗೊತ್ತಾದೀತು. ಅಪ್ಪನ ಹೋಂಡಾ ಆಕ್ಟಿವಾ 2005ರದ್ದು, ಕೆಎಲ್ 14 ಅಂದ್ರೆ ಕಾಸರಗೋಡಿನ ನಂಬರ್, ಅಡಿಕೆ ಗೋಣಿ ಹೊತ್ತು ಹೊತ್ತು ಫುಟ್‌ಬೋರ್ಡು ಬಗ್ಗಿದೆ ಆದ್ರೂ ಒಂದೇ ಕಿಕ್ಕಿಗೆ ಸ್ಟಾರ್ಟ್. 2025ರ ಅಕ್ಟೋಬರಿಗೆ ಆರ್‌ಸಿ, ಅಂದ್ರೆ ಗಾಡಿಯ ರಿಜಿಸ್ಟ್ರೇಷನ್ ಸರ್ಟಿಫಿಕೇಟು, ಮುಗಿಯುದಿತ್ತು, ಹಾಗೆ ಸೆಪ್ಟೆಂಬರಲ್ಲೇ ಹೋದೆ. ಮುಗಿದ ಮೇಲೆ ಹೋದ್ರೆ ಟೂ ವೀಲರಿಗೆ ತಿಂಗಳಿಗೆ 300 ದಂಡ ಬೇರೆ.

ಹುಡುಗ ಕಂಪ್ಯೂಟರ್ ನೋಡಿ ಹಳದಿ ಚೀಟಿಯಲ್ಲಿ 4000 ಅಂತ ಬರೆದು ಸುತ್ತ ಒಂದು ಗೆರೆ ಎಳೆದು ಕೊಟ್ಟ, ಅಷ್ಟೇ, ಒಂದು ಮಾತಿಲ್ಲ. ನಂಗೆ ತಲೆ ತಿರುಗಿತು ಮಾರಾಯ್ರೆ. 2020ರಲ್ಲಿ ಇದೇ ಗಾಡಿ ರಿನೀವಲ್ ಮಾಡಿದಾಗ ಫೀಸು 300 ಇದ್ದದ್ದು. ಬಿಡಿಸಿ ಹೇಳು ಮಾರಾಯ ಅಂತ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟ: 2022ರಲ್ಲಿ 15 ವರ್ಷ ಆದ ಬೈಕಿಗೆ ಕೇಂದ್ರದವರು 1000 ಮಾಡಿದ್ರು, ಈಗ 2025ರ ಆಗಸ್ಟಿಂದ 20 ವರ್ಷ ದಾಟಿದ್ದಕ್ಕೆ 2000. ಅದ್ರ ಮೇಲೆ ಕೇರಳದ ಟ್ಯಾಕ್ಸು, 5 ವರ್ಷದ್ದು, 900 ಇದ್ದದ್ದು 2025ರ ಬಜೆಟಲ್ಲಿ 1350. ಕಾರ್ಡಿಂದು ಪೋಸ್ಟಿಂದು ಚಿಲ್ಲರೆ ಎಲ್ಲ ಸೇರಿ 3600 ಹತ್ರ. ಉಳಿದ 400 ಅವರದ್ದು.

ಹೋದ ವರ್ಷ ಭಾವನ ಬೈಕಿನ ಹೆಸರು ಬದಲಾವಣೆಗೆ ಇದೇ ಅಂಗಡಿಯವರು ತಗೊಂಡದ್ದು 150. ಸರ್ಕಾರ ಏರಿಸಿದ್ದಕ್ಕೆ ನೀವೂ ಏರಿಸಿದ್ದಾ ಅಂತ ಕೇಳಿದ್ರೆ ಒಳಗಿಂದ ಅಕ್ಕ ನಗಾಡಿಕೊಂಡು "ಕರೆಂಟು ಬಾಡಿಗೆ ಎಲ್ಲ ಏರಿದೆ ಅಣ್ಣಾ" ಅಂದ್ರು. ಏರಲಿ, ಅದಕ್ಕೆ ನಂದೇನೂ ತಕರಾರಿಲ್ಲ. ಆದ್ರೆ ಸರ್ಕಾರದ ಫೀಸಿನ ಒಳಗೆ ಇವರ ದುಡ್ಡು ಬೆರೆಸಿ ಒಂದೇ ನಂಬರ್ ಬರೆದು ಕೊಡುದು ಎಂತಕ್ಕೆ? ಪೋರ್ಟಲಿನ ರಸೀದಿ ಸಹ ನಾನು ಕೇಳಿದ ಮೇಲೆ ಪ್ರಿಂಟ್ ತೆಗೆದದ್ದು. ನನ್ನ ಮುಂದೆ ಇದ್ದ ಅಜ್ಜ ಒಬ್ರು ಏನೂ ಕೇಳದೆ ದುಡ್ಡು ಎಣಿಸಿ ಇಟ್ಟು ಹೋದ್ರು. ಒಂದು ಸ್ಟಾರ್ ಅಲ್ಲೇ ಹೋಯ್ತು. ಇನ್ನೊಂದು ಹೋದದ್ದು ಒಂದೂವರೆ ಗಂಟೆ ನಿಲ್ಲಿಸಿದ್ದಕ್ಕೆ, ಕುರ್ಚಿ ಇರುದು ಎರಡೇ.

ಆದ್ರೆ ಕೆಲಸ ಮಾತ್ರ ಅಚ್ಚುಕಟ್ಟು, ಸುಳ್ಳು ಹೇಳ್ಬಾರ್ದು. ಆರ್‌ಸಿಯಲ್ಲಿದ್ದ ಮೊಬೈಲ್ ನಂಬರ್ ಅಪ್ಪ ಬಿಟ್ಟು ಎಷ್ಟು ಕಾಲ ಆಯ್ತೋ, ಓಟಿಪಿ ಯಾರಿಗೆ ಹೋಗ್ತಿತ್ತೋ ದೇವರಿಗೇ ಗೊತ್ತು. ಹೆಸರು ಆಧಾರಲ್ಲಿ ಒಂದು ನಮೂನೆ, ಆರ್‌ಸಿಯಲ್ಲಿ ಮಲಯಾಳದಲ್ಲಿ ಹೇಳಿದ ಹಾಗೆ ಇನ್ನೊಂದು ನಮೂನೆ, ಇದು ಕಾಸರಗೋಡಿನ ಕನ್ನಡದವರಿಗೆಲ್ಲ ಇರುವ ಗೋಳು. ಎರಡನ್ನೂ ಹುಡುಗ ಕೂತು ಸರಿ ಮಾಡಿದ. ಮತ್ತೆ ಕೆಳಗೆ ಇಳಿದು ಬಂದು ಟಾರ್ಚ್ ಹಿಡಿದು, ಮಣ್ಣು ಒರೆಸಿ, ಚಾಸಿ ನಂಬರಿನ ಮೇಲೆ ಪೇಪರಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದ, ಮೊದಲ ಸಲ ಒಂದು ಅಕ್ಷರ ಏಳ್ಲಿಲ್ಲ ಅಂತ ಪುನಃ ತೆಗೆದ. ಅಪ್ಪನ ಹತ್ರ ತುಳುವಲ್ಲಿ ಮಾತಾಡಿ, ಇನ್ಸ್‌ಪೆಕ್ಷನ್ ದಿನ ಹಾರ್ನು, ಇಂಡಿಕೇಟರ್, ಹಿಂದಿನ ಟಯರ್ ನೋಡ್ತಾರೆ, ಹೊಗೆ ಸರ್ಟಿಫಿಕೇಟು ಹೊಸತು ಬೇಕು ಅಂತ ಬಿಡಿಸಿ ಹೇಳಿದ. ಟಯರ್ ಹಾಕಿಸಿಯೇ ಹೋದೆವು, ಒಂದೇ ಸಲಕ್ಕೆ ಪಾಸ್. ನಾನೇ ಮನೆಯಲ್ಲಿ ಫೋನಲ್ಲಿ ಒತ್ತಿಕೊಂಡು ಕೂತಿದ್ರೆ ಹೆಸರಿನಲ್ಲೇ ಸಿಕ್ಕಿ ಬೀಳ್ತಿದ್ದೆ.

ಅಪ್ಪನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ, "ಮಾರಿದ್ರೆ ಇಷ್ಟು ಸಿಗ್ಲಿಕ್ಕಿಲ್ಲ, ಓಡಿಸ್ಲಿಕ್ಕೆ ಇಷ್ಟು ಕೊಡ್ಬೇಕಾ" ಅಂತ. ಪಕ್ಕದ ಮನೆಯವರ ಮಾರುತಿ 800ರ ಲೆಕ್ಕ ಹೇಳಿದೆ, 20 ವರ್ಷ ದಾಟಿದ ಕಾರಿಗೆ ಫೀಸೇ 10000, ಟ್ಯಾಕ್ಸು 9600. ಆಮೇಲೆ ಸುಮ್ಮನಾದ್ರು.

ಹೋಗುವವರು ಶುಕ್ರವಾರ ಮಧ್ಯಾಹ್ನ ಹೋಗ್ಬೇಡಿ, ಬಾಗಿಲು ಹಾಕಿರ್ತದೆ. ಜೆರಾಕ್ಸ್ ಹೊರಗಿಂದಲೇ ತೆಗ್ಸಿಕೊಂಡು ಹೋಗಿ, ಅಲ್ಲಿ ಒಂದಕ್ಕೆ 5 ರೂಪಾಯಿ, ಅದೂ ಏರಿದ್ದೇ.